ಅಪ್ರೆಂಟಿಸ್ ತರಬೇತಿ: ಅರ್ಜಿ ಹಾಕುವ ಮುನ್ನ ನಮ್ಮ ಮಕ್ಕಳು ಗಮನಿಸಬೇಕಾದದ್ದು

ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಸೈನ್ಸೋ, ಕಾಮರ್ಸೋ? ಹೋಟೆಲು, ಬ್ಯಾಂಕು, ಕಂಪೆನಿ ಕಚೇರಿಗಳನ್ನು ನಂಬಿ ಗುಜರಾತಿಗೆ ಬಂದ ನಮ್ಮಲ್ಲಿ ಹಲವರಿಗೆ ಕಾರ್ಖಾನೆಯ ಕಸುಬು ಮಕ್ಕಳಿಗೊಂದು ದಾರಿಯೆಂದು ತೋರುವುದೇ ಅಪರೂಪ. ಸಂಘದ ವೇದಿಕೆಯಲ್ಲಿ ಶೇ. 90 ಅಂಕ ಪಡೆದವರಿಗೆ ಶಾಲು ಹೊದಿಸುತ್ತೇವೆ. ಶೇ. 55 ಪಡೆದು ಹಿಂದಿನ ಸಾಲಿನಲ್ಲಿ ಕುಳಿತ ಹುಡುಗ, ಹುಡುಗಿಗಾಗಿ ಈ ಬರಹ.

1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳಂತೆ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಐಟಿಐ ಮುಗಿಸಿದವರಿಗೆ ಅವಕಾಶ ಹೆಚ್ಚು. ಅಹಮದಾಬಾದಿನ ಕುಬೇರನಗರ, ವಡೋದರಾದ ತರಸಾಲಿ, ಸೂರತ್‌ನ ಮಜೂರಾ ಗೇಟ್ ಐಟಿಐಗಳು ಪರಿಚಿತವಾದವು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸು. ವೆಲ್ಡರ್ ಒಂದೇ ವರ್ಷ. ಅಲ್ಲಿಂದ ಮುಂದೆ ಕೊಯಲಿಯ ರಿಫೈನರಿ, ಹಜೀರಾದ ಕಾರ್ಖಾನೆಗಳು, ರೈಲ್ವೆ ಕಾರ್ಯಾಗಾರಗಳಂಥ ಕಡೆ ಅರ್ಜಿ ಹಾಕಬಹುದು.

ಪಶ್ಚಿಮ ರೈಲ್ವೆಯ ಇತ್ತೀಚಿನ ಪ್ರಕಟಣೆಗಳಲ್ಲಿ ಲಿಖಿತ ಪರೀಕ್ಷೆ ಇರಲಿಲ್ಲ. ಹತ್ತನೆಯ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಆಯ್ಕೆ. ಹತ್ತನೆಯಲ್ಲಿ ಕನಿಷ್ಠ ಶೇ. 50 ಇರಬೇಕು, ವಯಸ್ಸು 15ರಿಂದ 24. ವಡೋದರಾದ ಪ್ರತಾಪನಗರ ಮತ್ತು ಅಹಮದಾಬಾದಿನ ಸಾಬರ್ಮತಿ ಕಾರ್ಯಾಗಾರಗಳೂ ಇದರಲ್ಲಿ ಸೇರಿವೆ. ಸೂರತ್ ನಿಲ್ದಾಣ ಮುಂಬಯಿ ವಿಭಾಗಕ್ಕೆ ಸೇರಿದ್ದೆಂಬುದನ್ನು ಅಲ್ಲಿಯವರು ನೆನಪಿಡಬೇಕು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಾಗಿ ಒಂದು ಮಾತು ಹೇಳಲೇಬೇಕು. ನಮ್ಮವರ ಮುಖ್ಯ ತೊಡಕು ಹೆಸರಿನದು. ಊರಿನ ಕ್ರಮದಲ್ಲಿ ಇನಿಷಿಯಲ್ ಮೊದಲು. ಇಲ್ಲಿನ ಶಾಲೆಯಲ್ಲಿ ಮೊದಲು ಅಟಕ್, ನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು! ದಾಖಲೆ ಪರಿಶೀಲನೆಯ ದಿನ ತಿದ್ದಲು ಹೊರಟರೆ ವರ್ಷವೇ ಕೈತಪ್ಪೀತು. ಅಂಕಪಟ್ಟಿಯ ಹೆಸರಿಗೆ ಉಳಿದ ದಾಖಲೆಗಳನ್ನು ಈಗಲೇ ಹೊಂದಿಸಿಕೊಳ್ಳಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರಕಾರ ಭರಿಸುತ್ತದೆ. 2023ರಿಂದ ಆ ಪಾಲು ನೇರವಾಗಿ ಅಭ್ಯರ್ಥಿಯ ಖಾತೆಗೆ ಬರುತ್ತಿದೆ. ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಹಣ ಬಾರದು.

2019ರ ತಿದ್ದುಪಡಿಯಂತೆ ಸ್ಟೈಪೆಂಡ್ ಕನಿಷ್ಠ ದರ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ಗೊತ್ತಾಯಿತು. 2025ರಲ್ಲಿ ಇದನ್ನು ಹೆಚ್ಚಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಸಹಿ ಹಾಕುವ ಮೊದಲು ಕರಾರಿನಲ್ಲಿ ಎಷ್ಟಿದೆಯೆಂದು ಓದಿ ನೋಡಬೇಕು.

ಸಹಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಈ ಕಾಯ್ದೆಯಡಿ ಈಗಾಗಲೇ ತರಬೇತಿ ಪಡೆದವರು ಅಥವಾ ಪಡೆಯುತ್ತಿರುವವರು ರೈಲ್ವೆ ಅಪ್ರೆಂಟಿಸ್‌ಗೆ ಅರ್ಜಿ ಹಾಕುವಂತಿಲ್ಲ. ಹತ್ತಿರವಿದೆಯೆಂದು ಸಣ್ಣ ವರ್ಕ್‌ಶಾಪಿನಲ್ಲಿ ಅವಸರದಿಂದ ಕರಾರು ಮಾಡಿಕೊಂಡರೆ ದೊಡ್ಡ ಬಾಗಿಲು ಮುಚ್ಚಿಹೋಗಬಹುದು. ಹಾಗೆಯೇ ಕರಾರು ನೋಂದಣಿಯಾಗದಿದ್ದರೆ ಅದು ಅಪ್ರೆಂಟಿಸ್ ತರಬೇತಿಯೇ ಅಲ್ಲ, ಕಡಿಮೆ ಸಂಬಳದ ದುಡಿಮೆ ಅಷ್ಟೇ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ. ಸೀಟು ಕೊಡಿಸುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ.

ತರಬೇತಿ ಮುಗಿದೊಡನೆ ನೌಕರಿ ಖಾತ್ರಿಯಿಲ್ಲ. ಕಾಯ್ದೆಯೂ ಮಾಲಕರನ್ನು ಹಾಗೆ ಕಟ್ಟಿಹಾಕುವುದಿಲ್ಲ. ಆದರೆ ಪರೀಕ್ಷೆ ಪಾಸಾದವರಿಗೆ ಸಿಗುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರಕ್ಕೆ ಬೆಲೆಯಿದೆ. ರೈಲ್ವೆಯು ಲೆವೆಲ್-1 ನೇಮಕಾತಿಯಲ್ಲಿ ತನ್ನಲ್ಲಿ ತರಬೇತಿ ಮುಗಿಸಿದವರಿಗೆ ಶೇ. 20 ಹುದ್ದೆ ಕಾದಿರಿಸುತ್ತ ಬಂದಿದೆ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಪಡೆಯುವ ಹಕ್ಕೂ ಅಪ್ರೆಂಟಿಸ್‌ಗೆ ಇದೆ.

ನಮ್ಮ ಮೂರೂ ನಗರಗಳ ಸಂಘಗಳಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರಿದ್ದಾರೆ, ಬ್ಯಾಂಕಿನವರಿದ್ದಾರೆ. ಪ್ರತಿಭಾ ಪುರಸ್ಕಾರದ ಜೊತೆಗೆ ವರ್ಷಕ್ಕೊಂದು ಭಾನುವಾರ ಮಕ್ಕಳನ್ನು ಕೂರಿಸಿ, ದಾಖಲೆ ನೋಡಿ, ಅರ್ಜಿ ತುಂಬಿಸಿಕೊಟ್ಟರೆ ಸಾಕು. ಖರ್ಚು ಚಹಾದ್ದು ಮಾತ್ರ. ಪದಾಧಿಕಾರಿಗಳು ಮನಸ್ಸು ಮಾಡಬೇಕೆಂದು ವಿನಂತಿ.