ಬಾಯಿಯ ಹುಣ್ಣು ಮತ್ತು ಮೈಯೊಳಗಿನ ಕಾವಲು



ಈ ಪುಟದಲ್ಲಿ ನಾವು ವಾಡಿಕೆಯಂತೆ ಧಾರಣೆ, ಗೊಬ್ಬರ, ಕೊಳೆರೋಗದ ವಿಚಾರ ಬರೆಯುತ್ತೇವೆ. ಈ ಸಲ ಬಾಯಿಯ ಕ್ಯಾನ್ಸರ್ ಬಗ್ಗೆ ಬರೆಯುತ್ತೇವೆಂದಾಗ, "ಅಡಿಕೆ ಬೆಳೆಯುವವರ ಪತ್ರಿಕೆಯಲ್ಲಿ ಇದು ಬೇಕೇ?" ಎಂದು ಕೆಲವು ಸದಸ್ಯರು ಕೇಳಿದರು. ಬೇಕೆಂದೇ ನಮ್ಮ ಅಭಿಪ್ರಾಯ. ಕವಳ ಹಾಕುವವರು ನಮ್ಮ ಮನೆಯ ಜಗಲಿಯಲ್ಲಿದ್ದಾರೆ, ಅಡಿಕೆ ಸುಲಿಯುವ ಅಂಗಳದಲ್ಲಿದ್ದಾರೆ. ಅವರ ಆರೋಗ್ಯವೂ ನಮ್ಮ ಫಸಲಿನಷ್ಟೇ ಮುಖ್ಯ.

ಮೊದಲು ಹಿತವಲ್ಲದ ಮಾತನ್ನು ಹೇಳಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳವನ್ನು ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿತು. 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲನೆಯ ವರ್ಗಕ್ಕೆ ಸೇರಿಸಿತು. ಮೊದಲನೆಯ ವರ್ಗವೆಂದರೆ ಸಾಕ್ಷ್ಯ ಗಟ್ಟಿಯಾಗಿದೆ ಎಂದು ಅರ್ಥ. ತಿಂದವರಿಗೆಲ್ಲ ರೋಗ ಬರುತ್ತದೆ ಎಂದಲ್ಲ. ಆದರೂ ಇದನ್ನು ತಳ್ಳಿಹಾಕುವಂತಿಲ್ಲ.

ಬಾಯಿ, ನಾಲಗೆ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರನ್ನು ವೈದ್ಯರು ಒಟ್ಟಾಗಿ ತಲೆ-ಕುತ್ತಿಗೆಯ ಕ್ಯಾನ್ಸರ್ ಎನ್ನುತ್ತಾರೆ. ಮೈಯಲ್ಲಿ ರೋಗದ ವಿರುದ್ಧ ಕಾವಲಿರುವಾಗ ಇದು ಬೆಳೆಯುವುದಾದರೂ ಹೇಗೆ? ಈ ಪ್ರಶ್ನೆಗೆ ಸಿಕ್ಕ ಉತ್ತರದಿಂದ ಚಿಕಿತ್ಸೆಯ ಒಂದು ಹೊಸ ದಾರಿಯೇ ತೆರೆದಿದೆ.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಕಾವಲುಗಾರರಿದ್ದಾರೆ. ಅವು ಮೈಯ ಇತರ ಜೀವಕೋಶಗಳನ್ನು ಮುಟ್ಟಿ, ಅವುಗಳ ಮೇಲ್ಮೈಯಲ್ಲಿರುವ ಗುರುತನ್ನು ಪರೀಕ್ಷಿಸುತ್ತವೆ. ಕೆಟ್ಟ ಕೋಶದ ಗುರುತು ಬೇರೆಯಾಗಿರುತ್ತದೆ. ಗುರುತು ಸಿಕ್ಕಿದ ಮೇಲೆ "ಮುಂದುವರಿ" ಎಂಬ ಇನ್ನೊಂದು ಸಂಕೇತವೂ ದೊರೆತರೆ ಟಿ ಕೋಶ ಸಂಖ್ಯೆಯಲ್ಲಿ ಹೆಚ್ಚಿ, ಕೆಟ್ಟ ಕೋಶವನ್ನು ಕೊಲ್ಲುತ್ತದೆ.

"ನಿಲ್ಲು" ಎಂಬ ಸಂಕೇತವೂ ಉಂಟು. ಅದು ಇಲ್ಲದಿದ್ದರೆ ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿಯಾನು. ಟಿ ಕೋಶದ ಮೇಲಿರುವ ಪಿಡಿ-1 ಎಂಬ ಗುಂಡಿಗೆ ಎದುರಿನ ಕೋಶದ ಪಿಡಿ-ಎಲ್1 ತಗುಲಿದರೆ, ಒಳಗೆ ಸಾಗುತ್ತಿದ್ದ ಆಜ್ಞೆ ಕಡಿದುಹೋಗಿ ಟಿ ಕೋಶ ಸುಮ್ಮನಾಗುತ್ತದೆ.

ಕ್ಯಾನ್ಸರ್ ಈ ಗುಟ್ಟನ್ನು ದುರುಪಯೋಗ ಮಾಡಿಕೊಳ್ಳುತ್ತದೆ. ಟಿ ಕೋಶವು ಹೋರಾಡುವಾಗ ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕವನ್ನು ಹೊರಬಿಟ್ಟು ಇತರರನ್ನು ಎಚ್ಚರಿಸುತ್ತದೆ. ಅದು ತಾಗಿದೊಡನೆ ಕ್ಯಾನ್ಸರ್ ಕೋಶ ಮೈಮೇಲೆ ಇನ್ನಷ್ಟು ಪಿಡಿ-ಎಲ್1 ಹೊದ್ದುಕೊಳ್ಳುತ್ತದೆ. ಕಾವಲುಗಾರನ ಕೂಗೇ ಕಳ್ಳನಿಗೆ ಗುರಾಣಿಯಾದಂತಾಯಿತು. ಗಡ್ಡೆಯ ಸುತ್ತ ಟಿ ಕೋಶಗಳು ನೆರೆದಿದ್ದರೂ ಗಡ್ಡೆ ಬೆಳೆಯುತ್ತಲೇ ಇರುವುದಕ್ಕೆ ಇದೊಂದು ಕಾರಣ.

ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1ನ್ನು ಗುರುತಿಸಿತು. ಇಂಥದೇ ಇನ್ನೊಂದು ತಡೆಯ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರೊಂದಿಗೆ ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು. ಪಿಡಿ-1ರ ಮೇಲೆ ಕುಳಿತು, ಎದುರಿನ ಕೈ ತಗುಲದಂತೆ ತಡೆಯುವ ಒಂದು ಔಷಧಿಯ ಹೆಸರು ನಿವೊಲುಮ್ಯಾಬ್.

ಇದರಿಂದ ಲಾಭವೆಷ್ಟು? ಹಿಂದಿನ ಚಿಕಿತ್ಸೆಗೆ ಬಗ್ಗದ ತಲೆ-ಕುತ್ತಿಗೆಯ ಕ್ಯಾನ್ಸರಿನ 361 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಈ ಔಷಧಿ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 36. ಬೇರೆ ಔಷಧಿ ಪಡೆದವರಲ್ಲಿ ಸುಮಾರು 17. ಗಡ್ಡೆ ಚೆನ್ನಾಗಿ ಕರಗಿದ್ದು ನೂರಕ್ಕೆ ಸುಮಾರು 13 ಜನರಿಗೆ ಮಾತ್ರ. ಭರವಸೆ ಇದೆ, ಪವಾಡವಿಲ್ಲ.

ಬೆಲೆಯಂತೂ ಸಣ್ಣ ಹಿಡುವಳಿದಾರರ ಕೈಗೆ ನಿಲುಕುವಂಥದಲ್ಲ. ಇಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರ ಪ್ರಯತ್ನವನ್ನು ಸ್ಮರಿಸಬೇಕು. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವ ಔಷಧಿಯನ್ನು ಅವರು ಮೂರು ವಾರಕ್ಕೊಮ್ಮೆ ಬರೇ 20 ಮಿಲಿಗ್ರಾಂ ಕೊಟ್ಟು, ಜೊತೆಗೆ ಬಾಯಿಯ ಮೂಲಕ ಸೇವಿಸುವ ಮೂರು ಔಷಧಿಗಳನ್ನು ನೀಡಿದರು. 151 ರೋಗಿಗಳ ಈ ಪರೀಕ್ಷೆಯ ಫಲ 2022ರಲ್ಲಿ ಹೊರಬಂತು. ಮೂರು ಔಷಧಿ ಮಾತ್ರ ಪಡೆದವರಲ್ಲಿ ವರ್ಷದ ನಂತರ ಉಳಿದವರು ನೂರಕ್ಕೆ ಸುಮಾರು 16. ಈ ಅಲ್ಪ ಪ್ರಮಾಣವನ್ನೂ ಪಡೆದವರಲ್ಲಿ ಸುಮಾರು 43. ನಮ್ಮವರಲ್ಲಿ ಯಾರಿಗಾದರೂ ಈ ಚಿಕಿತ್ಸೆಯ ಮಾತು ಬಂದರೆ, ಕಡಿಮೆ ಪ್ರಮಾಣದ ವಿಚಾರವನ್ನು ಕ್ಯಾನ್ಸರ್ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಬಹುದು. ತಡೆ ಸಡಿಲಿಸಿದಾಗ ಥೈರಾಯ್ಡ್, ಕರುಳು, ಶ್ವಾಸಕೋಶಗಳಿಗೆ ತೊಂದರೆಯಾಗುವುದುಂಟು. ಆದ್ದರಿಂದ ತಜ್ಞರ ನಿಗಾ ಬೇಕೇ ಬೇಕು.

"ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂದು ಪುಡಿ, ಲೇಹ್ಯ ಮಾರಲು ಬರುವವರಿಗೆ ಮರುಳಾಗಬೇಡಿ. ಇಲ್ಲಿ ಕಾವಲುಗಾರನಿಗೆ ಊಟ ಕಡಿಮೆಯಾದದ್ದಲ್ಲ, ಅವನ ಕೈ ಕಟ್ಟಿಹಾಕಲಾಗಿದೆ. ಪುಡಿ ನಂಬಿ ಆರು ತಿಂಗಳು ಕಳೆದರೆ ನಷ್ಟ ನಮಗೇ.

ಕಾಫಿ ತೋಟದ ಬಿಳಿ ಕಾಂಡಕೊರಕವನ್ನು ನೆನಪಿಸಿಕೊಳ್ಳಿ. ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಕೂಡಲೇ ನಾವು ಗಿಡ ಕಿತ್ತು ಸುಡುತ್ತೇವೆ, ಎಲೆ ಹಳದಿಯಾಗಿ ಬಾಡುವವರೆಗೆ ಕಾಯುವುದಿಲ್ಲ. ಬಾಯಿಯ ವಿಷಯದಲ್ಲೂ ಹಾಗೆಯೇ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಬದಲಾದ ಧ್ವನಿ, ನುಂಗಲು ಕಷ್ಟ: ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಿ. ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದಿದ್ದರೂ ತೋರಿಸಿ. ಅಡಿಕೆ ಜಗಿಯುತ್ತಾ ಬಂದಂತೆ ಬಾಯಿಯ ಒಳಪದರದಲ್ಲಿ ನಾರು ಬೆಳೆದು ಬಿಗಿಯುವ ರೋಗ ಅದು. ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಮೊದಲ ಹಂತದಲ್ಲಿ ಸಿಕ್ಕ ಬಾಯಿಯ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಯಿಂದಲೇ ಗುಣಪಡಿಸುವ ಸಾಧ್ಯತೆ ಹೆಚ್ಚು.

ಮಾರುವ ಮಾಲಿನ ಭವಿಷ್ಯವನ್ನು ಸರ್ಕಾರ, ನ್ಯಾಯಾಲಯ, ಸಂಶೋಧಕರು ಚರ್ಚಿಸುತ್ತಿರಲಿ, ನಮ್ಮ ಸಂಘವೂ ಬೆಳೆಗಾರರ ಪರವಾಗಿ ಮಾತಾಡಲಿ. ಆದರೆ ನಮ್ಮ ಬಾಯಿಯನ್ನು ನಾವೇ ನೋಡಿಕೊಳ್ಳಬೇಕು. ಹೊಗೆಸೊಪ್ಪನ್ನು ಇಂದೇ ಬಿಡೋಣ, ಕವಳದ ಚಟವನ್ನೂ ಬಿಡಲು ಮನಸ್ಸು ಮಾಡೋಣ. ಈ ಭಾನುವಾರ ಕನ್ನಡಿ ಹಿಡಿದು ಬೆಳಕಿನಲ್ಲಿ ಒಮ್ಮೆ ಬಾಯಿ ತೆರೆದು ನೋಡಿಕೊಳ್ಳಿ. ತೋಟದ ಆಳುಗಳಿಗೂ ಹೇಳಿ.