ಎಂಜಿನ್ ಆಯಿಲ್ ಬದಲಾವಣೆ: ಮಾಲೀಕರು ಹಾಕಬೇಕಾದ ಲೆಕ್ಕ

ಸ್ವಂತ ಸರಕು ವಾಹನ ಹೊಂದಿರುವ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಡೀಸೆಲ್‌ಗೆ ಲೀಟರ್ ಲೆಕ್ಕವಿರುತ್ತದೆ, ಟೈರಿಗೆ ಜೋಡಿ ಲೆಕ್ಕವಿರುತ್ತದೆ. ಎಂಜಿನ್ ಆಯಿಲ್ ಮಾತ್ರ ‘ವಾಹನ ದುರಸ್ತಿ’ ಎಂಬ ಶೀರ್ಷಿಕೆಯಲ್ಲಿ ಇತರ ಖರ್ಚುಗಳೊಡನೆ ಬೆರೆತು ಹೋಗಿರುತ್ತದೆ. ಅದನ್ನು ಯಾವಾಗ ಬದಲಾಯಿಸಬೇಕೆಂದು ನಿರ್ಧರಿಸುವವರು ಯಾರು ಎಂದು ಕೇಳಿದರೆ, ಚಾಲಕ ಅಥವಾ ಗ್ಯಾರೇಜಿನವರು ಎಂಬ ಉತ್ತರ ಬರುತ್ತದೆ. ಆಯಿಲ್ ಮಾರುವವರ ಸಲಹೆ ‘ಬೇಗ’ ಎಂಬ ಕಡೆಗೂ, ಟ್ರಿಪ್ ತಪ್ಪೀತೆಂಬ ಭಯವಿರುವ ಚಾಲಕನ ಸಲಹೆ ‘ತಡ’ ಎಂಬ ಕಡೆಗೂ ವಾಲುವುದು ಸಹಜ. ಹಣ ಹೂಡಿದ ಮಾಲೀಕರೇ ಈ ನಿರ್ಧಾರವನ್ನು ಲೆಕ್ಕ ಹಾಕಿ ಕೈಗೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಆಯಿಲ್ ಏಕೆ ಕೆಡುತ್ತದೆ?

ಎಂಜಿನ್ನಿನ ಭಾಗಗಳು ಒಂದನ್ನೊಂದು ಉಜ್ಜದಂತೆ ನೋಡಿಕೊಳ್ಳುವುದಷ್ಟೇ ಆಯಿಲ್‌ನ ಕೆಲಸವಲ್ಲ. ಅದು ಶಾಖವನ್ನು ಹೊರಗೊಯ್ಯುತ್ತದೆ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಆಮ್ಲಗಳನ್ನು ತಟಸ್ಥಗೊಳಿಸಿ ತುಕ್ಕನ್ನು ತಡೆಯುತ್ತದೆ. ಈ ಕೆಲಸಗಳಿಗಾಗಿ ಅದರಲ್ಲಿ ಬೆರೆಸಿದ ರಾಸಾಯನಿಕಗಳು ಬಳಸಿದಂತೆಲ್ಲ ಕ್ಷೀಣಿಸುತ್ತವೆ. ಜೊತೆಗೆ ಶಾಖದಿಂದ ಆಯಿಲ್ ದಪ್ಪಗಾಗುತ್ತದೆ. ಪೂರ್ಣ ಉರಿಯದ ಇಂಧನ ಸೇರಿದರೆ ತೆಳ್ಳಗಾಗುತ್ತದೆ. ಎರಡೂ ಹಾನಿಕರವೇ.

ಬಣ್ಣ ನೋಡಿ ತೀರ್ಮಾನಿಸುವ ರೂಢಿ ನಮ್ಮಲ್ಲಿ ಬಹಳ. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ಕಾಲದಲ್ಲಿಯೇ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಡುವ ತನ್ನ ಕೆಲಸವನ್ನು ಮಾಡುತ್ತಿದೆ ಎಂಬುದಕ್ಕೆ ಆ ಕಪ್ಪು ಗುರುತು. ಬಣ್ಣವೊಂದನ್ನೇ ನಂಬಿ ಬದಲಾಯಿಸಿದರೆ ಹಣ ವ್ಯರ್ಥವಾಗಬಹುದು. ಬಣ್ಣ ಚೆನ್ನಾಗಿದೆಯೆಂದು ಬಿಟ್ಟರೆ ಎಂಜಿನ್ನಿಗೆ ಅಪಾಯವಾಗಬಹುದು.

ಅಂಕಿಗಳು ಹೇಳುವುದೇನು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ಮಾತ್ರ. ವಾಚಕರು ತಮ್ಮ ತಮ್ಮ ವಾಹನದ ಅಂಕಿಗಳನ್ನು ಹಾಕಿಕೊಳ್ಳಬೇಕು. ಒಂದು ಸಣ್ಣ ಸರಕು ವಾಹನ ವರ್ಷಕ್ಕೆ 24,000 ಕಿ.ಮೀ. ಓಡುತ್ತದೆ. ತಯಾರಕರು ನಿಗದಿಪಡಿಸಿದ ಅಂತರ 10,000 ಕಿ.ಮೀ. ಒಂದು ಸಲದ ಆಯಿಲ್, ಫಿಲ್ಟರ್ ಮತ್ತು ಕೂಲಿ 2,500 ರೂ.; ವಾಹನ ಅರ್ಧ ದಿನ ನಿಲ್ಲುವುದರಿಂದಾಗುವ ನಷ್ಟ 1,000 ರೂ.; ಒಟ್ಟು 3,500 ರೂ. ಆಗ ವಾರ್ಷಿಕ ಸರಾಸರಿ ವೆಚ್ಚ ಹೀಗಾಗುತ್ತದೆ:

5,000 ಕಿ.ಮೀ.ಗೊಮ್ಮೆ – 16,800 ರೂ.
10,000 ಕಿ.ಮೀ.ಗೊಮ್ಮೆ – 8,400 ರೂ.
15,000 ಕಿ.ಮೀ.ಗೊಮ್ಮೆ – 5,600 ರೂ.
20,000 ಕಿ.ಮೀ.ಗೊಮ್ಮೆ – 4,200 ರೂ.

ಈ ಪಟ್ಟಿಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಐದು ಸಾವಿರದಿಂದ ಹತ್ತು ಸಾವಿರಕ್ಕೆ ಹೋದರೆ ಉಳಿತಾಯ 8,400 ರೂ. ಮುಂದಿನ ಐದು ಸಾವಿರಕ್ಕೆ ಉಳಿಯುವುದು 2,800 ರೂ. ಮಾತ್ರ, ಅದರ ಮುಂದಿನದಕ್ಕೆ ಕೇವಲ 1,400 ರೂ. ಅಂತರ ಹೆಚ್ಚಿದಂತೆ ಉಳಿತಾಯ ಕುಗ್ಗುತ್ತದೆ, ಅಪಾಯ ಹಿಗ್ಗುತ್ತದೆ.

ಅಪಾಯದ ಬೆಲೆಯನ್ನೂ ಅಳೆಯೋಣ. ಎಂಜಿನ್ ‘ಬೋರಿಗೆ’ ಬಂದರೆ ದುರಸ್ತಿಗೆ 80,000 ರೂ., ವಾಹನ 15 ದಿನ ನಿಂತರೆ ದಿನಕ್ಕೆ 1,500 ರೂ.ನಂತೆ 22,500 ರೂ., ಒಟ್ಟು 1,02,500 ರೂ. ಎಂದಿಟ್ಟುಕೊಳ್ಳೋಣ. ನಿಗದಿತ ಅಂತರವನ್ನು ಮೀರಿ 15,000 ಕಿ.ಮೀ.ವರೆಗೆ ಎಳೆದವರಿಗೆ ಹತ್ತು ವರ್ಷದಲ್ಲಿ ಉಳಿಯುವುದು 28,000 ರೂ. ಆ ಹತ್ತು ವರ್ಷದಲ್ಲಿ ಇದೇ ಕಾರಣಕ್ಕೆ ಒಂದೇ ಒಂದು ಬಾರಿ ಎಂಜಿನ್ ಬಿಚ್ಚಬೇಕಾಗಿ ಬಂದರೂ ಉಳಿತಾಯವೆಲ್ಲ ಕರಗಿ 74,500 ರೂ. ಕೈಯಿಂದ ಹೋಗುತ್ತದೆ.

ಇದರಿಂದ ತಿಳಿಯುವ ತತ್ತ್ವ ಸರಳವಾದದ್ದು. ಹಳೆಯ ರೂಢಿಯನ್ನು ಬಿಟ್ಟು ತಯಾರಕರ ಕೈಪಿಡಿಯಲ್ಲಿರುವ ಅಂತರಕ್ಕೆ ಬರುವುದು ನಿಜವಾದ ಮಿತವ್ಯಯ. ಅದನ್ನೂ ಮೀರಿ ಎಳೆಯುವುದು ಮಿತವ್ಯಯವಲ್ಲ, ಜೂಜು.

ಕಿಲೋಮೀಟರೋ, ಗಂಟೆಯೋ?

ಕೈಪಿಡಿಯ ಅಂಕಿಯನ್ನು ಕಣ್ಣುಮುಚ್ಚಿ ಅನುಸರಿಸುವಂತೆಯೂ ಇಲ್ಲ. ಮೀಟರು ತೋರಿಸುವುದು ಚಕ್ರ ಉರುಳಿದ ದೂರವನ್ನು; ಆಯಿಲ್ ದುಡಿಯುವುದು ಎಂಜಿನ್ ತಿರುಗಿದ ಕಾಲದುದ್ದಕ್ಕೂ. ಪೀಣ್ಯದಿಂದ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯವರೆಗೆ ದಿನವೂ ಸರಕು ಇಳಿಸುವ ಟೆಂಪೋದ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಎಂದುಕೊಂಡರೆ, 10,000 ಕಿ.ಮೀ. ಪೂರೈಸಲು ಅದರ ಎಂಜಿನ್ ಸುಮಾರು 667 ಗಂಟೆ ದುಡಿದಿರುತ್ತದೆ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 40 ಕಿ.ಮೀ. ಸರಾಸರಿಯಲ್ಲಿ ಸಾಗುವ ವಾಹನ ಅದೇ ದೂರವನ್ನು 250 ಗಂಟೆಯಲ್ಲಿ ಮುಗಿಸುತ್ತದೆ. ದೂರ ಒಂದೇ, ದುಡಿಮೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಡೀಸೆಲ್ ಜನರೇಟರುಗಳಿಗೂ ಮಣ್ಣು ಅಗೆಯುವ ಯಂತ್ರಗಳಿಗೂ ಆಯಿಲ್ ಬದಲಾವಣೆಯನ್ನು ಗಂಟೆಗಳಲ್ಲಿ ನಿಗದಿಪಡಿಸುವುದು ಇದೇ ಕಾರಣಕ್ಕೆ.

ಸಂಡೂರಿನ ಅದಿರಿನ ಧೂಳು, ಶಿರಾಡಿ ಘಾಟಿಯ ಏರು, ಅಧಿಕ ಭಾರ, ಎಂಜಿನ್ ಚಾಲೂ ಇಟ್ಟು ಕಾಯುವುದು, ಎಂಜಿನ್ ಪೂರ್ಣ ಬಿಸಿಯಾಗುವ ಮೊದಲೇ ಮುಗಿಯುವ ಸಣ್ಣ ಓಡಾಟ – ಇವೆಲ್ಲ ‘ಕಠಿಣ ಬಳಕೆ’ ಎನಿಸುತ್ತವೆ. ಅನೇಕ ಕೈಪಿಡಿಗಳಲ್ಲಿ ಇಂತಹ ಬಳಕೆಗೆ ಕಡಿಮೆ ಅಂತರವನ್ನು ಪ್ರತ್ಯೇಕವಾಗಿ ನಮೂದಿಸಿರುತ್ತಾರೆ. ಆ ಪುಟವನ್ನು ಓದುವವರು ವಿರಳ. ಮೇಲಿನ ಉದಾಹರಣೆಯಲ್ಲಿ ಅಂತರವನ್ನು 7,500 ಕಿ.ಮೀ.ಗೆ ಇಳಿಸಿದರೆ ವರ್ಷಕ್ಕೆ ತಗಲುವ ಹೆಚ್ಚುವರಿ ವೆಚ್ಚ 2,800 ರೂ. ಅದನ್ನು ಎಂಜಿನ್ನಿನ ವಿಮಾ ಕಂತೆಂದು ಭಾವಿಸಬಹುದು.

ಕಡಿಮೆ ಓಡುವ ವಾಹನಕ್ಕೆ ಕಾಲಮಿತಿ ಅನ್ವಯಿಸುತ್ತದೆ. ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆದಿದ್ದರೆ, ನಿಂತಲ್ಲೇ ನಿಂತ ವಾಹನಕ್ಕೂ ವರ್ಷಕ್ಕೊಮ್ಮೆ ಬದಲಾವಣೆ ಅಗತ್ಯ.

ಆಯಿಲ್‌ನ ದರ್ಜೆ ಮತ್ತು ಪರೀಕ್ಷೆ

ಕೈಪಿಡಿಯ ಅಂತರ ಅಲ್ಲಿ ಸೂಚಿಸಿದ ದರ್ಜೆಯ ಆಯಿಲ್‌ಗೆ ಮಾತ್ರ ಅನ್ವಯಿಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾದ ಭಾರತ್ ಸ್ಟೇಜ್-6 ಮಾನದಂಡದ ಅನೇಕ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುತ್ತದೆ. ಇವುಗಳಿಗೆ ಕಡಿಮೆ ಬೂದಿ ಬಿಡುವ ಆಯಿಲ್ ಬೇಕು. ಅಗ್ಗವೆಂದು ಹಳೆಯ ದರ್ಜೆಯ ಆಯಿಲ್ ಹಾಕಿಸಿದರೆ ದುಬಾರಿ ಫಿಲ್ಟರ್ ಕಟ್ಟಿಕೊಳ್ಳಬಹುದು.

ಹತ್ತಾರು ಲಾರಿಗಳುಳ್ಳವರು ಬಳಸಿದ ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಲಾಭಕರ. ಅದರಲ್ಲಿ ಕಬ್ಬಿಣ, ತಾಮ್ರ, ಸೀಸದ ಅಂಶ ಏರಿದ್ದರೆ ಒಳಭಾಗಗಳು ಸವೆಯುತ್ತಿವೆಯೆಂದೂ, ಸಿಲಿಕಾನ್ ಏರಿದ್ದರೆ ಬಹುಮಟ್ಟಿಗೆ ಧೂಳು ಒಳಬರುತ್ತಿದೆಯೆಂದೂ ತಿಳಿಯಬಹುದು. ಅಂತರವನ್ನು ಹೆಚ್ಚಿಸಬೇಕೆನ್ನುವವರಿಗೆ ಇಂತಹ ವರದಿಯೇ ಆಧಾರವಾಗಬೇಕು. ಒಂದೇ ಟೆಂಪೋ ಇರುವವರಿಗೆ ಮಾತ್ರ ಇದು ಮೂಗಿಗಿಂತ ಮೂಗುತಿ ಭಾರವಾದೀತು.

ಬಿಲ್ಲು, ತೆರಿಗೆ ಮತ್ತು ವಿಮೆ

ಖಾತರಿ ಅವಧಿಯಲ್ಲಿ ಎಂಜಿನ್ ಕೆಟ್ಟರೆ ತಯಾರಕರು ಮೊದಲು ಕೇಳುವುದು ಸರ್ವಿಸ್ ದಾಖಲೆಯನ್ನು. ಸಾಮಾನ್ಯ ಮೋಟಾರು ವಿಮೆ ಸವಕಳಿಯನ್ನಾಗಲಿ ಯಾಂತ್ರಿಕ ವೈಫಲ್ಯವನ್ನಾಗಲಿ ಭರಿಸುವುದಿಲ್ಲ. ಆ ನಷ್ಟ ಮಾಲೀಕರದೇ. ಇನ್ನು ಜಿಎಸ್‌ಟಿ ವಿಷಯ. ನೋಂದಾಯಿತ ವರ್ತಕರು ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುವ ಸರಕು ವಾಹನದ ಆಯಿಲ್ ಮೇಲಿನ ತೆರಿಗೆಯನ್ನು, ಸರಿಯಾದ ತೆರಿಗೆ ಬಿಲ್ ಇದ್ದಲ್ಲಿ, ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಗಳ ದುರಸ್ತಿ ಮತ್ತು ನಿರ್ವಹಣಾ ಸೇವೆಗಳ ಮೇಲೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಜಮೆ ದೊರೆಯುವುದಿಲ್ಲ. ಬಿಲ್ಲಿಲ್ಲದೆ ಕೊಂಡ ಅಗ್ಗದ ಡಬ್ಬಿಯಿಂದ ಜಮೆಯೂ ಹೋಗುತ್ತದೆ, ಸರಕು ಅಸಲಿಯೆಂಬ ಭರವಸೆಯೂ ಇರುವುದಿಲ್ಲ.

ಮಾಲೀಕರು ಮಾಡಬೇಕಾದದ್ದು

1. ಪ್ರತಿ ವಾಹನದ ಕೈಪಿಡಿಯಿಂದ ಅಂತರ, ಕಾಲಮಿತಿ ಮತ್ತು ಆಯಿಲ್ ದರ್ಜೆಯನ್ನು ಬರೆದಿಟ್ಟುಕೊಳ್ಳಿ.

2. ವಾಹನದ ಬಳಕೆ ಸಾಮಾನ್ಯವೋ ಕಠಿಣವೋ ಎಂದು ನಿರ್ಧರಿಸಿ, ಕೈಪಿಡಿಯಲ್ಲಿ ಅದಕ್ಕೆ ನಮೂದಿಸಿರುವ ಅಂತರವನ್ನೇ ಅನುಸರಿಸಿ.

3. ವಾಹನಕ್ಕೊಂದು ಪುಟದಂತೆ ವಹಿ ಇಡಿ. ದಿನಾಂಕ, ಮೀಟರ್ ಅಂಕಿ, ಆಯಿಲ್‌ನ ದರ್ಜೆ, ಬಿಲ್ ಸಂಖ್ಯೆ, ಮುಂದಿನ ಬದಲಾವಣೆಯ ಅಂಕಿ ಅದರಲ್ಲಿರಲಿ.

4. ವಾರಕ್ಕೊಮ್ಮೆ ಡಿಪ್ ಸ್ಟಿಕ್ ತೆಗೆದು ಮಟ್ಟ ನೋಡುವ ಹೊಣೆಯನ್ನು ಚಾಲಕರಿಗೆ ವಹಿಸಿ. ಮಟ್ಟ ಇಳಿದ ಎಂಜಿನ್ನಿಗೆ ಯಾವ ಅಂತರವೂ ರಕ್ಷಣೆಯಲ್ಲ.

5. ಆಯಿಲ್ ಜೊತೆ ಫಿಲ್ಟರನ್ನೂ ಬದಲಾಯಿಸಿ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಚೆಲ್ಲದೆ ಅಧಿಕೃತ ಸಂಸ್ಕರಣೆದಾರರಿಗೆ ತಲುಪುವಂತೆ ನೋಡಿಕೊಳ್ಳಿ.

ಈ ವಹಿಯನ್ನು ಬರೆಯಲು ತಿಂಗಳಿಗೆ ಅರ್ಧ ಗಂಟೆ ಸಾಕು. ವರ್ಷದ ಕೊನೆಯಲ್ಲಿ ಪ್ರತಿ ವಾಹನದ ಆಯಿಲ್ ಮತ್ತು ಎಂಜಿನ್ ದುರಸ್ತಿ ವೆಚ್ಚವನ್ನು ಕಿಲೋಮೀಟರಿಗೆ ಇಷ್ಟು ಪೈಸೆ ಎಂದು ಭಾಗಿಸಿ ನೋಡಿದರೆ, ಯಾವ ವಾಹನ ದುಡಿದು ಕೊಡುತ್ತಿದೆ, ಯಾವುದು ತಿಂದು ಹಾಕುತ್ತಿದೆ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.