ಗುಳಿಗೆ ಪುಕ್ಕಟೆ, ಕೂಲಿಯ ದಿನ ಪುಕ್ಕಟೆಯಲ್ಲ

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ ಕಡೆ ಬೆಳಗಿನ ನಾಷ್ಟಾ ಎಂದರೆ ಒಗ್ಗರಣೆ, ಮಿರ್ಚಿ, ಚಹಾ. ಒಗ್ಗರಣೆಯ ಮಂಡಕ್ಕಿ ಅಕ್ಕಿಯದು, ಮಧ್ಯಾಹ್ನದ ಬುತ್ತಿ ಅಕ್ಕಿಯದು, ರಾತ್ರಿಯ ತಾಟಿನಲ್ಲೂ ಅನ್ನ. ಒಂದು ಕಾಲಕ್ಕೆ ಇದು ಜೋಳದ ಸೀಮೆ. 1953ರಿಂದ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗಳಿಗೆ ಹರಿಯತೊಡಗಿತು. ನೀರು ಬಂದಲ್ಲೆಲ್ಲ ಎರೆಹೊಲ ಗದ್ದೆಯಾಯಿತು, ಸಿರುಗುಪ್ಪದ ಸುತ್ತ ರೈಸ್‌ಮಿಲ್ಲುಗಳು ಎದ್ದವು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಗದ್ದೆ ಇಲ್ಲದವರ ಮನೆಗೂ ಅಕ್ಕಿ ತಪ್ಪಲಿಲ್ಲ. ಹಸಿವು ನೀಗಿಸಿದ ಆ ಅಕ್ಕಿಯನ್ನು ನಾನು ದೂರುವುದಿಲ್ಲ. ಆದರೆ ಅದರ ಜೊತೆಗೆ ಬೇಳೆ, ಸೊಪ್ಪು, ಮೊಟ್ಟೆ ಸೇರದಿದ್ದಾಗ ಏನಾಗುತ್ತದೆ ಎಂಬುದನ್ನು ಈಗ ನೋಡುತ್ತಿದ್ದೇವೆ. ಭಾರತವೂ ಸೇರಿ 21 ದೇಶಗಳ 1.32 ಲಕ್ಷ ಜನರನ್ನು ಅಭ್ಯಸಿಸಿ 2020ರಲ್ಲಿ ಪ್ರಕಟವಾದ ವರದಿಯೊಂದು, ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವವರಲ್ಲಿ ಮಧುಮೇಹದ ಅಪಾಯ ಹೆಚ್ಚೆಂದೂ ದಕ್ಷಿಣ ಏಷ್ಯಾದಲ್ಲಿ ಅದು ಎದ್ದು ಕಾಣುತ್ತದೆಂದೂ ಹೇಳಿತು. 450 ಗ್ರಾಂ ಅಂದರೆ ಮೂರು ಬಟ್ಟಲು. ಗದ್ದೆಯಲ್ಲಿ ದುಡಿಯುವ ಮೈಗೆ ಅದು ಒಂದೇ ಊಟದ ಲೆಕ್ಕ.

ಸಕ್ಕರೆ ಕಾಯಿಲೆ ಸಾಹುಕಾರರದು, ಬೆವರು ಸುರಿಸುವವರಿಗೆ ಬಾರದು ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಪೂರ್ತಿ ಸುಳ್ಳೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಕರ್ನಾಟಕವೂ ಸೇರಿದಂತೆ 15 ರಾಜ್ಯಗಳ ಅಂಕಿಗಳನ್ನು 2017ರಲ್ಲಿ ಹೊರತಂದಾಗ, ಹಳ್ಳಿಗಳಲ್ಲಿ ಕಾಯಿಲೆ ಉಳ್ಳವರಲ್ಲೇ ಹೆಚ್ಚಿತ್ತು. ಆದರೆ ತಮಿಳುನಾಡು, ಮಹಾರಾಷ್ಟ್ರ, ಚಂಡೀಗಢದ ನಗರಗಳಲ್ಲಿ ಲೆಕ್ಕ ತಿರುಗಿತ್ತು. ಅಲ್ಲಿ ಬಡವರಲ್ಲೇ ಹೆಚ್ಚು. ಸೀಮೆ ಸಿರಿವಂತವಾದಂತೆ ಉಳ್ಳವರು ಎಚ್ಚೆತ್ತು ಊಟ, ನಡಿಗೆ ಬದಲಿಸಿಕೊಳ್ಳುತ್ತಾರೆ, ಕಾಯಿಲೆ ಕೆಳಗಿನ ಮನೆಗಳಿಗೆ ಇಳಿಯುತ್ತದೆ. ಅದೇ ಸಮೀಕ್ಷೆಯ 2023ರ ವರದಿಯ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಭತ್ತದ ಈ ಸೀಮೆಯೂ ಆ ನಗರಗಳ ಹಾದಿಯಲ್ಲಿದೆ ಎಂಬುದು ನನ್ನ ಆತಂಕ.

ಔಷಧದ ಬೆಲೆ ಮೊದಲಿನಷ್ಟು ದೊಡ್ಡ ಗೋಡೆಯಾಗಿ ಉಳಿದಿಲ್ಲ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಒಂದಕ್ಕೆ ಸುಮಾರು 60 ರೂಪಾಯಿ ಇದ್ದ ಎಂಪಾಗ್ಲಿಫ್ಲೋಜಿನ್ ಗುಳಿಗೆ, 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದೊಡನೆ ಹತ್ತು ರೂಪಾಯಿ ಆಸುಪಾಸಿಗೆ ಇಳಿಯಿತು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾರಿಗೆ ಬಸ್ಸೂ ಉಚಿತ. ಆದರೂ ಬಡವರ ಶುಗರ್ ಹತೋಟಿಗೆ ಬರುವುದಿಲ್ಲ, ಏಕೆಂದರೆ ಅವರ ಕೈಯಲ್ಲಿ ಇಲ್ಲದಿರುವುದು ದಿನ. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ಉಂಡು, ಎರಡು ತಾಸು ಕಾದು ಮತ್ತೆ ಕೊಡುವಷ್ಟರಲ್ಲಿ ಕೂಲಿ ಹೋಯಿತು. ಕಣ್ಣಿನ ಪರದೆ, ಮೂತ್ರಪಿಂಡ ತೋರಿಸಬೇಕೆಂದರೆ ಸಿರುಗುಪ್ಪದಿಂದಲೂ ಸುಮಾರು 55 ಕಿ.ಮೀ. ದೂರದ ಬಳ್ಳಾರಿಗೆ ಹೋಗಬೇಕು. ಜೊತೆಗೆ ಬರುವವರ ಕೂಲಿಯೂ ಹೋಯಿತು.

ಗುಳಿಗೆ ನುಂಗುವ ಹೊತ್ತನ್ನೇ ನೋಡಿ. ನಾಟಿಯ ಗುಂಪು ನಸುಕಿನಲ್ಲೇ ಟ್ರಾಕ್ಸ್ ಹತ್ತುತ್ತದೆ. ಅದರಲ್ಲೊಬ್ಬಳ ಹೊಟ್ಟೆಗೆ ಗ್ಲಿಮೆಪಿರೈಡ್ ಬಿದ್ದಿದೆ, ಬುತ್ತಿ ಬಿಚ್ಚುವುದು ಹೊತ್ತೇರಿದ ಮೇಲೆ. ನಡುವೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಕಣ್ಣು ಮಂಜಾಗುತ್ತದೆ. ಅದು ಸಕ್ಕರೆ ಇಳಿದದ್ದು. ಸುತ್ತಲಿನವರು ಬಿಸಿಲೆಂದುಕೊಂಡು ನೀರು ಕೊಡುತ್ತಾರೆ. ಬೆಲ್ಲ ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಿದ್ದಳು. ಇಂಥದ್ದು ಎರಡು ಸಲ ಆದವಳು ಗುಳಿಗೆಯನ್ನೇ ಬಿಡುತ್ತಾಳೆ. "ಅದು ತಗೊಂಡ್ರ ಕೆಲಸ ಮಾಡಾಕ ಆಗಂಗಿಲ್ರಿ" ಎನ್ನುವುದು ಅಸಡ್ಡೆಯ ಮಾತಲ್ಲ. ಊಟದ ಹೊತ್ತು ಕೇಳಿ ಗುಳಿಗೆ ಬರೆಯದಿದ್ದ ನಮ್ಮ ಚಿಕಿತ್ಸೆಯ ದೋಷ ಅದು.

ಗದ್ದೆಯ ಮಾಲೀಕರಿಗೂ ಅದೇ ಕಾಯಿಲೆ ಇರಬಹುದು. ಅವರ ಕಾಲಲ್ಲಿ ಬೂಟಿದೆ. ನಾಟಿ ಮಾಡುವವಳು ಮೊಣಕಾಲುದ್ದ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲಬೇಕು. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮರಗಟ್ಟಿಸಿರುತ್ತದೆ. ಜಾಲಿಮುಳ್ಳು ಚುಚ್ಚಿದರೆ ತಿಳಿಯುವುದಿಲ್ಲ. ನೋವಿಲ್ಲದ ಗಾಯಕ್ಕೆ ಅರಿಷಿಣ ಮೆತ್ತಿ ಮರುದಿನ ಮತ್ತೆ ಕೆಸರಿಗೆ ಇಳಿಯುತ್ತಾಳೆ. ಬೆರಳು ಕಪ್ಪಿಟ್ಟಾಗ ಬಳ್ಳಾರಿಯ ಆಸ್ಪತ್ರೆ ನೆನಪಾಗುತ್ತದೆ. ಅಷ್ಟರಲ್ಲಿ ಉಳಿಸಲು ಬೆರಳಿರುವುದಿಲ್ಲ, ಕೆಲವೊಮ್ಮೆ ಪಾದವೂ.

ಇನ್ಸುಲಿನ್ ಹಿಡಿದವರ ಪಾಡು ಇನ್ನೊಂದು ಬಗೆ. ಬಳಸಲು ತೆರೆದ ಸೀಸೆ 30 ಡಿಗ್ರಿ ಒಳಗಿದ್ದರೆ ಸುಮಾರು ನಾಲ್ಕು ವಾರ ಬಾಳುತ್ತದೆ. ಬಳ್ಳಾರಿಯ ಬೇಸಿಗೆ 40 ದಾಟುತ್ತದೆ. ಫ್ರಿಜ್ ಇಲ್ಲದ ತಗಡಿನ ಮನೆಯಲ್ಲಿ ಔಷಧ ಸತ್ತುಹೋದರೂ ನೋಡಲು ಮೊದಲಿನಂತೆಯೇ ಇರಬಹುದು. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಹಸಿ ಮರಳು ತುಂಬಿ, ಸೀಸೆಯನ್ನು ಒಳಗಿಟ್ಟರೆ ತಂಪು ನಿಲ್ಲುತ್ತದೆ. ಸೀಸೆ ಕೊಡುವಾಗ ಇದನ್ನೂ ಹೇಳಿಕೊಡಬೇಕು.

ಮನೆಯೊಳಗೂ ಮೇಲು ಕೀಳು ಇದೆ. ಗಂಡಸಿಗೆ ಶುಗರ್ ಎಂದರೆ ಅವನಿಗಾಗಿ ಬೇರೆ ರೊಟ್ಟಿ ಬೇಯುತ್ತದೆ. ಅಡುಗೆ ಮಾಡುವವಳಿಗೇ ಬಂದರೆ, ಎಲ್ಲರೂ ಉಂಡ ಮೇಲೆ ಉಳಿದ ಅನ್ನವೇ ಅವಳಿಗೆ ಪಥ್ಯ.

2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ, 30 ವರ್ಷ ದಾಟಿದವರನ್ನು ಮನೆಬಾಗಿಲಲ್ಲೇ ತಪಾಸಿಸಿ ಗುಳಿಗೆ ತಲುಪಿಸುವ ಉದ್ದೇಶದ್ದು. ಇದರ ದಿಕ್ಕು ಸರಿ. ಹಗಲಲ್ಲಿ ಬೀಗ ಬಿದ್ದಿರುವ ಕೂಲಿಕಾರರ ಓಣಿಗೆ ಮಾತ್ರ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು, ಆಶಾ ಕಾರ್ಯಕರ್ತೆಯರಿಗೆ ಆ ಹೊತ್ತಿನ ಸಂಭಾವನೆ ಕೊಡಬೇಕು. ಎರಡನೇ ಬೆಳೆಗೆ ನೀರಿಲ್ಲದ ವರ್ಷ ಗುಳೆ ಹೊರಡುವವರ ಚೀಲಕ್ಕೆ ಮೂರು ತಿಂಗಳ ಗುಳಿಗೆ, ಯಾವ ಊರಲ್ಲಾದರೂ ತೋರಿಸಬಹುದಾದ ಚೀಟಿ ಹಾಕಿ ಕಳಿಸಬೇಕು. ನಾಟಿಗೆ ಮೊದಲು, ಕಾಲುವೆಗೆ ನೀರು ಬಿಡುವ ವಾರದಲ್ಲಿ, ಪ್ರತಿ ಮಧುಮೇಹಿ ಕೂಲಿಕಾರಳ ಅಂಗಾಲನ್ನು ಯಾರಾದರೂ ಒಮ್ಮೆ ನೈಲಾನ್ ಎಳೆಯಿಂದ ಮುಟ್ಟಿ, ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಬೇಕು. ಅದಕ್ಕೆ ತಗಲುವುದು ಐದು ನಿಮಿಷ.